ಸಾಲಿನಲ್ಲಿ ಒಂದು ಸ್ಟುಡಿಬೇಕರ್ ಕಮ್ಮಿ

೧೯೪೬ರ ಫೆಬ್ರವರಿ ೧೯, ಮಂಗಳವಾರ ಬೆಳಿಗ್ಗೆ ೯:೧೦. ಕಪ್ಪು ಸಮುದ್ರದ ದಂಡೆಯ ಬಂದರು ಠಾಣೆಗೆ ಗೆರಾಸಿಮ್ ಕುಜ್ಮಿಚ್ ಟೋಪಿ ಕೈಯಲ್ಲಿ ಹಿಡಿದು ಬಂದ. ಯುದ್ಧಕಾಲದಲ್ಲಿ ಅಮೆರಿಕದವರು ಕೊಟ್ಟಿದ್ದ ಟ್ಯಾಂಕು, ಲಾರಿಗಳನ್ನು ರಿಪೇರಿ ಮಾಡಿ, ಬಣ್ಣ ಬಳಿದು ಅವರಿಗೇ ಹಿಂತಿರುಗಿಸುವ ಅಂಗಳಕ್ಕೆ ಅವನು ಮೇಲ್ವಿಚಾರಕ.

"ನಲವತ್ತು ಸ್ಟುಡಿಬೇಕರ್ ಲಾರಿ ಇರ್ಬೇಕು ಲುಕಿಚ್, ಮೂವತ್ತೊಂಬತ್ತೇ ಇವೆ. ಶುಕ್ರವಾರ ಅಮೆರಿಕದ ಹಡಗಿನೋರು ಎಣಿಸ್ಕೊಳ್ತಾರೆ. ಒಂದು ಕಮ್ಮಿಯಾದ್ರೂ ಹತ್ತು ವರ್ಷ ಜೈಲು, ಅದೂ ನನಗೇ."

"ಲಾರಿ ಏನು ಸೂಜಿನಾ, ಜೇಬಲ್ಲಿ ಇಟ್ಕೊಂಡು ಹೋಗೋಕೆ?" ಎಂದ ಇನ್‌ಸ್ಪೆಕ್ಟರ್ ಜಖಾರ್ ಲುಕಿಚ್.

ಎಫ್‌ಐಆರ್ ದಾಖಲಾಯಿತು. ದೂರು ಕೊಡಲು ಓಡಿ ಬಂದವನನ್ನೇ ಮೊದಲು ಅನುಮಾನಿಸುವುದು ಲುಕಿಚ್‌ನ ರೂಢಿ. ಆದರೆ ಕುಜ್ಮಿಚ್ ಮೂರು ದಿನ ಜ್ವರದಿಂದ ಆಸ್ಪತ್ರೆಯಲ್ಲಿದ್ದ. ದಾದಿಯ ಚೀಟಿಯೂ ಇತ್ತು.

ಗೇಟಿನ ಪುಸ್ತಕದಲ್ಲಿ ಭಾನುವಾರದ ಪುಟ ಹೀಗಿತ್ತು: ಚಾಲಕ ತಿಖೋನ್ ಸವೆಲ್ಯಿಚ್, ಪರೀಕ್ಷಾ ಓಟ, ಹೊರಗೆ ೧೧:೦೦, ಒಳಗೆ ೧:೩೦.

"ಅರ್ಧ ಗಂಟೆ ಓಡಿಸೋಕೆ ಎರಡೂವರೆ ಗಂಟೆ ಬೇಕಾಯ್ತಾ?" ಎಂದು ಕಾನ್‌ಸ್ಟೇಬಲ್ ಪ್ರೊಖೊರ್ ಗೊಣಗಿದ. ಯುದ್ಧದಲ್ಲಿ ಅವನೂ ಇಂಥದೇ ಲಾರಿ ಓಡಿಸಿದವನು.

ಕಾವಲುಗಾರನನ್ನು ಕರೆಸಿದರು.

"ಲಾರಿ ಒಳಗೆ ಬಂದದ್ದು ನೋಡಿದ್ಯಾ?"

"ಗಂಜಿ ಕುಡೀತಾ ಇದ್ದೆ. ತಿಖೋನ್ ಬಂದು, ಹಿಂದಿನ ಗೇಟಿಂದ ತಂದು ನಿಲ್ಲಿಸಿದೀನಿ, ಬರ್ಕೋ ಅಂದ. ಬರ್ಕೊಂಡೆ."

"ಗಂಜಿ ಚೆನ್ನಾಗಿತ್ತಾ?"

ಕಾವಲುಗಾರ ತಲೆ ತಗ್ಗಿಸಿದ.

ತಿಖೋನ್ ಮಾತ್ರ ಅಲುಗಲಿಲ್ಲ. "ಟೈರ್ ಪಂಕ್ಚರ್ ಆಗಿತ್ತು, ತಡವಾಯ್ತು. ಪುಸ್ತಕದಲ್ಲಿ ಬರೆದಿದೆಯಲ್ಲ ಕಾಮ್ರೇಡ್, ಆಮೇಲೆ ಯಾರು ಒಯ್ದರೋ ನಂಗೇನು ಗೊತ್ತು?"

ಲುಕಿಚ್ ಅವನ ಮೇಲೆ ಒಬ್ಬನನ್ನು ಕಾವಲಿಟ್ಟು ಹೊರಗೆ ಬಂದ. "ಲಾರೀಲಿ ಹೋಗಿ ನಡ್ಕೊಂಡು ಬಂದಿದಾನೆ. ಎರಡು ಗಂಟೆ ನಡಿಗೆ ದೂರದಲ್ಲಿ ಇವನಿಗೆ ಯಾರಿದಾರೆ?"

"ಅಕ್ಕ ಇದಾಳೆ, ಗ್ಲಾಫಿರಾ ಅಂತ," ಎಂದ ಪ್ರೊಖೊರ್. " ಎಂಟು ಕಿಲೋಮೀಟರ್ ಆಚೆ, ಸಾಮೂಹಿಕ ಬೇಸಾಯದ ಹಳ್ಳೀಲಿ ಅಧ್ಯಕ್ಷೆ."

ಬುಧವಾರ ಬೆಳಿಗ್ಗೆ ಹಳ್ಳಿ ತಲುಪಿದಾಗ ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಚಕ್ರದ ಗುರುತೇ ಇಲ್ಲ. ಗ್ಲಾಫಿರಾ ಸೊಂಟಕ್ಕೆ ಕೈಕೊಟ್ಟು ಎದುರಾದಳು.

"ಲಾರಿನಾ? ನಮ್ಮೂರಲ್ಲಿ ಕುದುರೇನೇ ಇಲ್ಲ ತಮ್ಮಾ. ಇದ್ದ ಹೋರೀನ ಜರ್ಮನ್ನರು ತಿಂದ್ರು. ಹುಡುಕು, ಸಿಕ್ಕಿದ್ರೆ ನಮಗೂ ಹೇಳು."

ಹೆಂಗಸರು ನಕ್ಕರು. ಆದರೆ ಹುಲ್ಲಿನ ಕೊಟ್ಟಿಗೆಯ ಕಡೆ ಒಬ್ಬಳೂ ನೋಡುತ್ತಿರಲಿಲ್ಲ. ಲುಕಿಚ್ ಅದನ್ನೇ ಗಮನಿಸಿದ. ಬಾಗಿಲ ಮುಂದೆ ಪ್ರೊಖೊರ್ ಕಾಲು ಜಾರಿ ದೊಪ್ಪನೆ ಬಿದ್ದ.

"ಮಂಜು ಬಿದ್ದು ಹತ್ತು ದಿನ ಆಯ್ತು, ಬಾವಿ ಊರಿನ ಆ ಕೊನೇಲಿದೆ. ಇಲ್ಲಿ ಮಂಜುಗಡ್ಡೆ ಹೇಗೆ ಬಂತು?" ಎನ್ನುತ್ತ ಲುಕಿಚ್ ಬಗ್ಗಿದ. ಗೋಡೆಯ ಅಡಿಯಿಂದ ಹರಿದು ಗಟ್ಟಿಯಾದ ನೀರು, ತುಕ್ಕಿನ ಕೆಂಪು.

ಪ್ರೊಖೊರ್ ಕುಳಿತಲ್ಲಿಂದಲೇ ನಿಟ್ಟುಸಿರು ಬಿಟ್ಟ. "ರೇಡಿಯೇಟರ್ ನೀರು ಇದು. ಚಳೀಲಿ ಗಾಡಿ ನಿಲ್ಲಿಸಿದ್ರೆ ಮೊದಲು ನಲ್ಲಿ ತಿರುಗಿಸಿ ನೀರು ಬಿಡ್ತೀವಿ, ಇಲ್ದಿದ್ರೆ ಎಂಜಿನ್ ಒಡೆದು ಹೋಗತ್ತೆ. ಕದ್ದ ಗಾಡಿಯಾದ್ರೂ ಕೈ ಸುಮ್ನಿರಲ್ಲ."

ಇಬ್ಬರು ಪಂಚರ ಎದುರು ಹುಲ್ಲು ಸರಿಸಿದರು. ಹೊಸ ಹಸಿರು ಬಣ್ಣದ ಲಾರಿ ನಿಂತಿತ್ತು. ಪಂಚನಾಮೆ ಮುಗಿದದ್ದು ೧೧:೪೦ಕ್ಕೆ.

ಗ್ಲಾಫಿರಾ ಈಗ ನಗಲಿಲ್ಲ. "ಹೋದ ವರ್ಷ ಎಂಟು ಹೆಂಗಸರು ನೇಗಿಲು ಎಳೆದ್ವಿ. ಒಬ್ಬಳಿಗೆ ಗರ್ಭ ಹೋಯ್ತು. ನಾನೇ ತಮ್ಮನ ಹತ್ರ ಅತ್ಕೊಂಡೆ. ನನ್ನ ಹೆಸರು ಬರ್ಕೋ."

ಲುಕಿಚ್ ಬರೆದುಕೊಳ್ಳಲಿಲ್ಲ.

ಮಧ್ಯಾಹ್ನ ೨:೧೫ಕ್ಕೆ ತಿಖೋನ್‌ನ ಬಂಧನವಾಯಿತು. ಲಾರಿ ಸಿಕ್ಕಿತೆಂದು ಕೇಳಿದ ಮೇಲೆ ಅವನು ಸುಳ್ಳು ಹೇಳಲಿಲ್ಲ. "ಹೋದ ತಿಂಗಳು ಹನ್ನೆರಡು ಲಾರಿ ಉಜ್ಜಿ ಉಜ್ಜಿ ಹೊಳಪು ಬರಿಸಿ ಕೊಟ್ಟೆ. ಅಮೆರಿಕದೋರು ಹಡಗಿನ ಪಕ್ಕ ಯಂತ್ರಕ್ಕೆ ಹಾಕಿ, ಕಣ್ಣೆದುರಿಗೇ ಹಿಸುಕಿ ಕಬ್ಬಿಣದ ಮುದ್ದೆ ಮಾಡಿದ್ರು. ಅದೇ ಹೊತ್ತಲ್ಲಿ ಅಕ್ಕನ ಹೆಗಲಿನ ಗಾಯ ನೆನಪಾಯ್ತು."

"ಅಕ್ಕ ಕೇಳಿದ್ಲಾ?"

"ಅವಳಿಗೇನೂ ಗೊತ್ತಿಲ್ಲ. ಕುಜ್ಮಿಚ್‌ಗೆ ತೊಂದರೆ ಆಗತ್ತೆ ಅಂತ ಹೊಳೀಲಿಲ್ಲ, ಅದೊಂದು ತಪ್ಪು."

ಶುಕ್ರವಾರ ಲೆಕ್ಕ ನಲವತ್ತಕ್ಕೆ ಸರಿಹೋಯಿತು, ಕುಜ್ಮಿಚ್ ಬಚಾವಾದ. ಮಧ್ಯಾಹ್ನದ ಹೊತ್ತಿಗೆ ನಲವತ್ತೂ ಮುದ್ದೆಯಾದವು.

ಸಂಜೆ ಲುಕಿಚ್ ದೋಷಾರೋಪ ಪಟ್ಟಿ ಬರೆದ. ಕೃತ್ಯಕ್ಕೆ ಕಾರಣ ಎಂಬಲ್ಲಿ ಒಂದೇ ಮಾತು: ಉಳುಮೆ.

ಪ್ರೊಖೊರ್ ಇಣುಕಿದ. "ಇಷ್ಟೇನಾ? ಸಾಲತ್ತಾ?"

"ನ್ಯಾಯಾಧೀಶ ಹಳ್ಳಿಯವನಾಗಿದ್ರೆ ಸಾಲತ್ತೆ" ಎಂದು ಲುಕಿಚ್ ಸಹಿ ಹಾಕಿದ.