ಲ್ಯಾವೆಂಡರ್ ಬಾಟಲಿಯಲ್ಲಿ ನೀಲಗಿರಿ

"ಇಲ್ಲಿ ನಿದ್ದೆ ಸಿಗುತ್ತಂತೆ, ಹೌದಾ?"

ಬಾಗಿಲಲ್ಲಿ ನಿಂತವನ ಕಣ್ಣುಗಳು ಕೆಂಪಗೆ ಉರಿಯುತ್ತಿದ್ದವು. ಮೊಣಕೈವರೆಗೂ ಮೈದಾ ಹಿಟ್ಟಿನ ಬಿಳಿ. ಆ ಪ್ರಶ್ನೆಯಲ್ಲಿ ಕೊಂಕಿತ್ತೋ, ಬೇಡಿಕೆಯಿತ್ತೋ... ಎಣ್ಣೆ ಅಂಗಡಿಯ ಹುಡುಗಿಗೆ ತಿಳಿಯಲಿಲ್ಲ.

"ನಿದ್ದೆ ಮಾರಲ್ಲ. ಅದಕ್ಕೆ ಸ್ವಲ್ಪ ದಾರಿ ಮಾಡಿಕೊಡೋ ಎಣ್ಣೆ ಇದೆ. ಕೂತ್ಕೊಳ್ಳಿ."

ಅದು ಅವಳು ಚಿಕ್ಕಮ್ಮನ ಜೊತೆ ನಡೆಸುತ್ತಿದ್ದ ಪುಟ್ಟ ಸುಗಂಧ ತೈಲದ ಅಂಗಡಿ. ಅವನು ಬೀದಿ ತುದಿಯ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಹಾಸಿಗೆಗೆ ಬಿದ್ದರೆ ಸಾಕು, ನಿದ್ದೆ ಮಾರು ದೂರ ಓಡುತ್ತದೆ ಎಂದ.

ಅವಳು ಲ್ಯಾವೆಂಡರ್ ಬಾಟಲಿ ತೆಗೆದಳು. ಹತ್ತಿಗೆ ಎರಡು ಹನಿ ಹಾಕಿ ದಿಂಬಿನ ಪಕ್ಕ ಇಡಬೇಕು, ಹಾಗೇ ಮೈಗೆ ಹಚ್ಚಿದರೆ ಚರ್ಮ ಉರಿಯುತ್ತದೆ, ಪಾದಕ್ಕೆ ತಿಕ್ಕುವುದಾದರೆ ಎಳ್ಳೆಣ್ಣೆಯಲ್ಲಿ ಬೆರೆಸಬೇಕು ಎಂದೆಲ್ಲ ತಿಳಿಸಿ, ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು.

ಅವನು ಮೂಗು ಮುಂದೆ ತರಲಿಲ್ಲ. "ಹೇಗಿದೆ ಇದರ ವಾಸನೆ? ನೀವೇ ಹೇಳಿ."

ವಿಚಿತ್ರ ಮನುಷ್ಯ! ಆದರೂ ಹೇಳಿದಳು. "ಬಿಸಿಲಲ್ಲಿ ಒಣಗಿದ ಹೊದಿಕೆ ಮಡಚುವಾಗ ಬರುತ್ತಲ್ಲ, ಹಾಗೆ. ಆಮೇಲೆ ಸ್ವಲ್ಪ ಹಸಿ ಹುಲ್ಲು. ಕೊನೇಲಿ... ಯಾರೋ ಹಣೆ ಮೇಲೆ ತಣ್ಣಗಿನ ಕೈ ಇಟ್ಟ ಹಾಗೆ."

ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ.

ಅಂದಿನಿಂದ ಬರುವುದು ರೂಢಿಯಾಯಿತು. ಇಂದು ಶ್ರೀಗಂಧ, ನಾಳೆ ಲಾವಂಚ. ಪ್ರತಿಯೊಂದರ ವಾಸನೆಯನ್ನೂ ಅವಳ ಬಾಯಲ್ಲೇ ಹೇಳಿಸುತ್ತಿದ್ದ. ನಿದ್ದೆ ಚೆನ್ನಾಗಿ ಬರುತ್ತಿದೆ ಎನ್ನುವಾಗ ಅವಳ ಮುಖ ಅರಳುತ್ತಿತ್ತು. ಅವನು ಬರುವ ಹೊತ್ತಿಗೆ ಕನ್ನಡಿ ನೋಡಿಕೊಳ್ಳುವ ಅವಳನ್ನು ಕಂಡು ಚಿಕ್ಕಮ್ಮ ಕೆಮ್ಮುವ ನೆಪದಲ್ಲಿ ನಗುತ್ತಿದ್ದಳು.

ಒಂದು ದಿನ ಗಿರಾಕಿಗಳ ಗಡಿಬಿಡಿಯಲ್ಲಿ ಅವಳು ಲ್ಯಾವೆಂಡರ್ ಚೀಟಿಯ ಬಾಟಲಿಗೆ ನೀಲಗಿರಿ ಎಣ್ಣೆ ತುಂಬಿ ಅವನಿಗೆ ಕೊಟ್ಟಳು. ಅವನು ಹೋದ ಮೇಲೆ ತಪ್ಪು ಹೊಳೆದಾಗ ಜೀವ ಬಾಯಿಗೆ ಬಂತು. ಮಲಗಿದವರನ್ನೂ ಎಬ್ಬಿಸಿ ಕೂರಿಸುವ ವಾಸನೆ ಅದು!

ಮರುದಿನ ಅವನು ನಗುತ್ತಲೇ ಬಂದ. "ನಿಮ್ಮ ಲ್ಯಾವೆಂಡರ್‌ಗೆ ಸಾಟಿ ಇಲ್ಲ. ಮಗು ಥರ ನಿದ್ದೆ ಮಾಡಿದೆ."

ಅವಳ ಮುಖ ಸುಟ್ಟಂತಾಯಿತು. ಹಾಗಾದರೆ ಬಾಟಲಿಯನ್ನು ತೆರೆದೇ ಇಲ್ಲ! ಇಷ್ಟು ದಿನ ಬಾಯ್ತುಂಬ ಹೊಗಳಿದ್ದು ನಾಟಕವೇ? ನಾನು ಕಣ್ಣರಳಿಸಿ ಹೇಳುವುದನ್ನು ನೋಡಿ ಒಳಗೊಳಗೇ ನಗುತ್ತಿದ್ದನೇ...

"ನಾಳೆಯಿಂದ ಬರಬೇಡಿ," ಎಂದಳು. "ನನ್ನ ಕೆಲಸ ನಿಮಗೆ ತಮಾಷೆ ಆಗಿದೆ."

ಅವನು ತಲೆ ತಗ್ಗಿಸಿ ಹೋದ.

ಆಮೇಲೆ ನಿದ್ದೆ ಅವಳನ್ನೇ ಬಿಟ್ಟುಹೋಯಿತು. ಅಂಗಡಿಯ ಯಾವ ಎಣ್ಣೆಯೂ ಕೆಲಸ ಮಾಡಲಿಲ್ಲ.

ವಾರ ಕಳೆದಿರಬಹುದು. ಬ್ರೆಡ್ ತರಲು ಹೋದ ಚಿಕ್ಕಮ್ಮ ಬರಿಗೈಯಲ್ಲಿ ಬಂದಳು. ಬೇಕರಿಯಲ್ಲಿ ಒಂದು ಒಲೆ ಬ್ರೆಡ್ಡೆಲ್ಲ ಕರಕಲಾಗಿತ್ತಂತೆ. ಬೀದಿಯಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರೂ, ಒಲೆಗೆ ಬೆನ್ನು ಮಾಡಿ ನಿಂತಿದ್ದವನಿಗೆ ಮಾತ್ರ ಗೊತ್ತೇ ಆಗಲಿಲ್ಲವಂತೆ.

"ಪಾಪ, ಆ ಹುಡುಗನಿಗೆ ವಾಸನೆ ಬರಲ್ಲ ಕಣೇ," ಎಂದಳು ಚಿಕ್ಕಮ್ಮ.

ಅವಳ ಕೈಯಲ್ಲಿದ್ದ ಎಣ್ಣೆ ಸುರಿಯುವ ಲಾಳಿಕೆ ಕೆಳಗೆ ಬಿತ್ತು. ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲದಂತೆ ಓಡಿದಳು.

ಅವನು ಬೇಕರಿಯ ಹಿಂದೆ, ಹಿಟ್ಟಿನ ಮೂಟೆಗಳ ಪಕ್ಕ ಕೂತಿದ್ದ.

"ಯಾಕೆ ಹೇಳಲಿಲ್ಲ?"

"ಜ್ವರ ಬಂದು ಹೋದ ಮೇಲೆ ಹೀಗಾಯ್ತು. ಒಲೆ ಮುಂದೆ ನಿಲ್ಲೋನಿಗೆ ಮೂಗೇ ಎಲ್ಲ. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಲಿಲ್ಲ. ಆ ಭಯಕ್ಕೇ ನಿದ್ದೆ ಕೆಟ್ಟಿದ್ದು."

"ಮತ್ತೆ... ನನ್ನ ಎಣ್ಣೆ?"

"ನೀವು ಹೇಳಿದ ಹಾಗೇ ಹತ್ತಿಗೆ ಹಾಕಿ ಇಡ್ತಿದ್ದೆ. ಆಮೇಲೆ ನಿಮ್ಮ ಮಾತು ನೆನಪಿಸ್ಕೋತಿದ್ದೆ. ಹೊದಿಕೆ, ಹುಲ್ಲು... ಹಣೆ ಮೇಲಿನ ಕೈ ಅನ್ನೋ ಹೊತ್ತಿಗೆ ಕಣ್ಣು ಮುಚ್ಚಿಹೋಗಿರ್ತಿತ್ತು. ನಿದ್ದೆ ಬಂತು ಅಂದಿದ್ದು ಸುಳ್ಳಲ್ಲ ಕಣ್ರೀ."

ಅವಳಿಗೆ ಆಗ ಹೊಳೆಯಿತು. ಇಷ್ಟು ದಿನ ಇವನು ತೆಗೆದುಕೊಂಡು ಹೋಗಿದ್ದು ನನ್ನ ದನಿಯನ್ನೇ... ಹಿಟ್ಟು ಮೆತ್ತಿದ ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಕ್ಷಮಿಸಿ ಎಂದಿದ್ದು ಅವನಿಗೆ ಕೇಳಿಸಿತೋ ಇಲ್ಲವೋ.

ಬೇಕರಿ ಮಾಲೀಕರು ಬೈದದ್ದು ಅವನು ವಿಷಯ ಮುಚ್ಚಿಟ್ಟಿದ್ದಕ್ಕೆ ಮಾತ್ರ. ಒಲೆಗೆ ಬೇರೆಯವರನ್ನು ಹಾಕಿ, ನಾದುವ ಕೈ ಗಟ್ಟಿಯಾಗಿದೆಯಲ್ಲ ಎಂದು ಅವನಿಗೆ ಹಿಟ್ಟಿನ ಕೆಲಸ ಕೊಟ್ಟರು. ಆ ಸುದ್ದಿ ಹೇಳಲು ಅವನು ಮಧ್ಯಾಹ್ನ ಅಂಗಡಿಗೆ ಬಂದ. ಚಿಕ್ಕಮ್ಮನಿಗೆ ತಕ್ಷಣವೇ ಎಲ್ಲೋ ಹೋಗುವ ಕೆಲಸ ನೆನಪಾಯಿತು.

ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಅವನು ಅವಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದ. "ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಉತ್ತರಿಸುವ ಮೊದಲೇ ಅವಳ ತಲೆ ಅವನ ಭುಜಕ್ಕೆ ಒರಗಿತು.

ಎಚ್ಚರವಾದಾಗ ಬಿಸಿಲು ಬಾಗಿಲು ದಾಟಿತ್ತು. ಅವನು ಕೂತಲ್ಲಿಂದ ಅಲುಗಿರಲಿಲ್ಲ.

"ಯಾರಾದ್ರೂ ಬಂದಿದ್ರಾ?"

"ಒಬ್ಬರು ಬಂದಿದ್ರು. ನಾಳೆ ಬನ್ನಿ ಅಂದೆ. 'ನೀವು ಯಾರು?' ಅಂತ ನನ್ನನ್ನ ಕೇಳಿದ್ರು."

"ಏನಂದ್ರಿ?"

"ಅದನ್ನ ಇವರೇ ಹೇಳಬೇಕು, ಏಳಲಿ ಅಂದೆ."

ಅವಳು ಅವನ ಭುಜದಿಂದ ತಲೆ ಎತ್ತಲಿಲ್ಲ.

"ನಾಳೆ ಅವರು ಬಂದ್ರೆ, ನಮ್ಮನೆಯವರು ಅಂತೀನಿ..."