ಅಲ್ವಿದಾ ಜುಮ್ಮಾದ ಬಟ್ಟಲು

ವೈಶಾಖದ ಪ್ರಚಂಡ ಸೂರ್ಯನು ಸಂಗನಗಡದ ಕರಿಗಲ್ಲಿನ ಕೋಟೆಯನ್ನು ರೊಟ್ಟಿಯ ಹಂಚಿನಂತೆ ಕಾಯಿಸಿ, ಕೊನೆಗೆ ತಾನೂ ದಣಿದು, ಡೋಣಿ ಹೊಳೆಯ ಆಚೆಯ ದಿಬ್ಬಗಳತ್ತ ಇಳಿಯತೊಡಗಿದ್ದನು. ಹಗಲೆಲ್ಲ ಕದವಿಕ್ಕಿಕೊಂಡು ಬಿದ್ದಿದ್ದ ರಾಜಧಾನಿ ಈಗ ಕಣ್ದೆರೆದಿತ್ತು. ನೀರು ಚಿಮುಕಿಸಿದ ಬೀದಿಗಳಿಂದ ಮಣ್ಣಿನ ಕಂಪೇಳುತ್ತಿತ್ತು. ಕಲ್ಲಂಗಡಿ ಕೊಯ್ಯುವವರ, ನೆನೆಗಡಲೆ ಮಾರುವವರ, ಪನ್ನೀರಿನ ಹೂಜಿ ಹೊತ್ತವರ ಕೂಗು ಕಮಾನಿನಿಂದ ಕಮಾನಿಗೆ ಮಾರ್ದನಿಸುತ್ತಿತ್ತು. ಕೂಗುವವರ ಗಂಟಲೂ ಒಣಗಿತ್ತು, ಕೊಳ್ಳುವವರ ಗಂಟಲೂ ಒಣಗಿತ್ತು. ಆದರೂ ಒಂದು ಹೋಳನ್ನು ಬಾಯಿಗಿಟ್ಟುಕೊಂಡವರಿಲ್ಲ. ಅದು ರಮಜಾನ್ ತಿಂಗಳು. ಅದರಲ್ಲೂ ಆ ತಿಂಗಳ ಕಡೆಯ ಶುಕ್ರವಾರ, ಅಲ್ವಿದಾ ಜುಮ್ಮಾ.

ಆ ದಿನಕ್ಕೆ ಸಂಗನಗಡದಲ್ಲಿ ಒಂದು ಹಳೆಯ ವಾಡಿಕೆಯಿತ್ತು. ನವಾಬರು ಅರಮನೆಯೊಳಗೆ ಕೂರದೆ ಖಾಸ್ ಮೈದಾನದಲ್ಲಿ ಪ್ರಜೆಗಳ ಸಾಲಿನಲ್ಲೇ ಕುಳಿತು ರೋಜಾ ಬಿಡಬೇಕು. ಬುರುಜಿನ ತೋಪು ಹಾರಿದ್ದೇ ತಡ, ಒಡೆಯನೂ ಆಳೂ ಒಟ್ಟಿಗೆ ಬಾಯಿ ತಣಿಸಬೇಕು. ಅಂದು ಒಡೆಯನಿಗಾಗಿ ಯಾರೂ ಕಾಯುವಂತಿಲ್ಲ. ಒಡೆಯನೂ ಯಾರಿಗಾಗಿಯೂ ಕಾಯುವಂತಿಲ್ಲ. ಚೆಂದದ ವಾಡಿಕೆಯೇ ಸರಿ! ಆದರೆ ಎಷ್ಟು ಚೆಂದದ ಬೇಲಿಯಾದರೂ ಹಾವು ನುಸುಳುವಷ್ಟು ಕಂಡಿ ಇದ್ದೇ ಇರುತ್ತದೆ.

ಆ ಕಂಡಿಯನ್ನು ಕಾಯುವ ಕೆಲಸ ಬಂದಗೀಸಾಬನದು. ಆತ ನವಾಬರ ಚಾಷ್ನಿಗಾರ. ಎಂದರೆ ಒಡೆಯರ ಬಾಯಿಗೆ ಹೋಗುವ ಪ್ರತಿಯೊಂದು ತುತ್ತನ್ನೂ ಮೊದಲು ತಾನು ತಿಂದು, ತಾನು ಬದುಕಿದ್ದರೆ ಮುಂದಕ್ಕೆ ಸರಿಸುವವನು. “ನಿನ್ನದು ಯಮನ ಜೊತೆ ಪಂಕ್ತಿಭೋಜನವಪ್ಪಾ” ಎಂದು ಗೆಳೆಯ ಬೇಡರ ದುರುಗನಾಯಕ ಅಣಕಿಸಿದರೆ, “ಅವನು ಬಡಿಸುವಷ್ಟು ದಿನ ನಾನು ಉಣ್ಣುತ್ತೇನೆ” ಎಂದು ಬಂದಗೀಸಾಬ ಗಡ್ಡ ನೀವಿಕೊಂಡು ನಗುತ್ತಿದ್ದನು. ರಮಜಾನ್ ಬಂದಿತೆಂದರೆ ಮಾತ್ರ ಹಗಲಿನ ಕೆಲಸ ದುರುಗನಾಯಕನಿಗೆ ಹೋಗುತ್ತಿತ್ತು. ಆತನಿಗೆ ರೋಜಾ ಇಲ್ಲ. ಇಫ್ತಾರಿನ ಶರಬತ್ತನ್ನು ಹಗಲಲ್ಲೇ ಕುಡಿದು ನೋಡಿ, ಸಂಜೆಯವರೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, “ಇನ್ನೂ ಉಸಿರಾಡುತ್ತಿದ್ದೇನೆ, ಒಯ್ಯಿರಿ” ಎಂದು ಅಪ್ಪಣೆ ಕೊಡುವನು. ಹಿಂದಿನ ನವಾಬರೇ ಮಾಡಿಹೋದ ಏರ್ಪಾಡು ಅದು.

ಬಂದಗೀಸಾಬ ಬಾಲ್ಯದಿಂದ ಒಂದು ರೋಜಾವನ್ನೂ ಮುರಿದವನಲ್ಲ. ಜ್ವರದಲ್ಲಿ ಮುರಿಯಲಿಲ್ಲ, ದಂಡಿನ ಜೊತೆ ಬಿಸಿಲಲ್ಲಿ ನಡೆದಾಗ ಮುರಿಯಲಿಲ್ಲ. ಅದೊಂದೇ ಅವನ ಆಸ್ತಿ, ಅದೊಂದೇ ಅವನ ಹೆಮ್ಮೆ. “ಕತ್ತಲ ಕೋಣೆ, ಕೈಗೆಟುಕುವ ಹೂಜಿ, ನೋಡುವವರು ಯಾರೂ ಇಲ್ಲ, ಆದರೂ ನೀನು ಕುಡಿಯುವುದಿಲ್ಲ. ಅದೇ ರೋಜಾ ಮಗಾ. ಮಿಕ್ಕಿದ್ದೆಲ್ಲ ಬರೀ ಹಸಿವು” ಎಂದು ಅವನ ತಾಯಿ ಹೇಳಿಕೊಟ್ಟಿದ್ದಳು.

ಇನ್ನು ನವಾಬರು. ಮುನವ್ವರ್ ಖಾನರಿಗೆ ಮೀಸೆ ಈಗಷ್ಟೇ ಚಿಗುರಿದ ವಯಸ್ಸು. ತಂದೆ ತೀರಿದ ಮೇಲೆ ಚಿಕ್ಕಪ್ಪ ನಾಮದಾರ್ ಖಾನರೇ ಅವರನ್ನು ಎತ್ತಿ ಆಡಿಸಿದವರು, ರಾಜ್ಯದ ಮೊಹರನ್ನು ಕೈಯಲ್ಲಿ ಹಿಡಿದು ಆಳಿದವರು. ಈದ್ ಹಬ್ಬದ ಮರುದಿನ ಆ ಮೊಹರು ನವಾಬರ ಕೈಗೆ ಬರಬೇಕೆಂದು ನಿಶ್ಚಯವಾಗಿತ್ತು. ಅರಮನೆಯವರು ಚಿಕ್ಕ ಸಾಹೇಬರೆಂದು ಕರೆಯುತ್ತಿದ್ದ ಈ ಚಿಕ್ಕಪ್ಪನವರ ಭಕ್ತಿಯನ್ನು ಊರೇ ಕೊಂಡಾಡುತ್ತಿತ್ತು. ಕೈಯಿಂದ ಜಪಮಾಲೆ ಇಳಿಯದು, ತುಟಿಯಿಂದ ದೇವರ ಹೆಸರು ಇಳಿಯದು. ಊರು ಕೊಂಡಾಡಲಿ, ಬಂದಗೀಸಾಬನಿಗೆ ಮಾತ್ರ ಅತಿವಿನಯ ಕಂಡರೆ ಮೊದಲಿನಿಂದಲೂ ಮೈ ಜುಮ್ಮೆನ್ನುತ್ತಿತ್ತು.

ಆ ಸಂಜೆ ಮೈದಾನಕ್ಕೆ ಹೊರಡುವ ಮುನ್ನ ಆತ ಅಡುಗೆಮನೆಯ ಕಟ್ಟೆಯನ್ನು ನೋಡಿದನು. ಕಟ್ಟೆ ಬರಿದಾಗಿತ್ತು.

“ದುರುಗನಾಯಕ ಎಲ್ಲಿ?” ಎಂದು ಕೇಳಿದನು.

ಶರಬತ್ತಿನ ಬಟ್ಟಲನ್ನು ಬೆಳ್ಳಿಯ ತಟ್ಟೆಯಲ್ಲಿ ಹೊತ್ತು ನಿಂತಿದ್ದ ಪಾನಸೇವಕ ಯಾಕೂತನು ಅವಸರದಲ್ಲಿದ್ದನು. “ಚಿಕ್ಕ ಸಾಹೇಬರು ಬೆಳಗ್ಗೆಯೇ ಅವನನ್ನು ಹೊಳೆಯಾಚೆಯ ತೋಟಕ್ಕೆ ಕಳಿಸಿದರು, ಕಲ್ಲಂಗಡಿ ತರಲು. ದಾರಿ ಬಿಡು, ತೋಪಿನ ಹೊತ್ತಾಯಿತು.”

“ಹಾಗಾದರೆ ಇದರ ರುಚಿ ನೋಡಿದವರು ಯಾರು?”

“ಆಗಿದೆಯಪ್ಪಾ! ಮಧ್ಯಾಹ್ನವೇ ಚಿಕ್ಕ ಸಾಹೇಬರು ಸ್ವತಃ ಬಂದು, ತಮ್ಮ ಬಾಯಿಂದಲೇ ರುಚಿ ನೋಡಿ, ಭೇಷ್ ಎಂದರು. ಇನ್ನೇನು ಬೇಕು ನಿನಗೆ?”

ವರ್ಷದ ಮಿಕ್ಕ ಹನ್ನೊಂದು ತಿಂಗಳು ‘ರುಚಿ ನೋಡಿ ಆಗಿದೆ’ ಎಂದು ಹೇಳಿ ಹೇಳಿ ರೂಢಿಯಾದ ನಾಲಿಗೆ ಅದು. ಪಾಪ, ಉಪವಾಸದ ತಿಂಗಳಲ್ಲಿ ಆ ಮಾತು ಹೇಗೆ ಕೇಳಿಸುತ್ತದೆಂದು ಯಾಕೂತನಿಗೆ ಹೊಳೆಯಲೇ ಇಲ್ಲ. ಅವನು ಹೇಳಿ ಮುಗಿಸಿ ಮೈದಾನದತ್ತ ನಡೆದೇಬಿಟ್ಟನು. ಬಂದಗೀಸಾಬ ಮನಸ್ಸಿನಲ್ಲೇ ಲೆಕ್ಕ ಹಾಕಿದನು. ರೋಜಾ ಹಿಡಿದವರು ಮಧ್ಯಾಹ್ನ ಶರಬತ್ತು ಕುಡಿದರೆ? ಕುಡಿದಿದ್ದರೆ ನಾಮದಾರ್ ಖಾನರ ಉಪವಾಸ ಸುಳ್ಳು. ಉಪವಾಸ ನಿಜವಾದರೆ ಈ ಬಟ್ಟಲನ್ನು ಯಾರ ನಾಲಿಗೆಯೂ ಮುಟ್ಟಿಲ್ಲ, ರುಚಿ ನೋಡಿದ ಮಾತು ಸುಳ್ಳು. ಎರಡರಲ್ಲಿ ಯಾವುದು ನಿಜವಾದರೂ ಆ ಬಟ್ಟಲು ಒಡೆಯರ ತುಟಿಗೆ ಹೋಗಬಾರದು. ಆತ ಜನರ ಸಾಲುಗಳನ್ನು ದಾಟಿ ಓಡಿದನು.

ಮೈದಾನದಲ್ಲಿ ಸಾವಿರಾರು ಜನ ಹಾಸಿನ ಮೇಲೆ ಮೌನವಾಗಿ ಕುಳಿತಿದ್ದರು. ಎಲ್ಲರ ಅಂಗೈಯಲ್ಲೂ ಒಂದೊಂದು ಖರ್ಜೂರ, ಎಲ್ಲರ ಕಣ್ಣೂ ಬುರುಜಿನ ಮೇಲೆ. ನವಾಬರ ಬಲಕ್ಕೆ ಚಿಕ್ಕಪ್ಪ, ಎಡಕ್ಕೆ ವಯೋವೃದ್ಧ ಕಾಜಿ ಬುರ್ಹಾನುದ್ದೀನರು. ಬಟ್ಟಲು ಆಗಲೇ ನವಾಬರ ಮುಂದಿತ್ತು.

ಬಂದಗೀಸಾಬ ಏದುಸಿರು ಬಿಡುತ್ತ ಮಂಡಿಯೂರಿದನು. “ಹುಜೂರ್, ಅಪರಾಧ ಕ್ಷಮಿಸಬೇಕು. ಆ ಶರಬತ್ತಿನ ಪರೀಕ್ಷೆಯಾಗಿಲ್ಲ. ಇಂದು ನೀರಿನಿಂದ ರೋಜಾ ಬಿಡಬೇಕೆಂದು ಬೇಡಿಕೊಳ್ಳುತ್ತೇನೆ.”

ನಾಮದಾರ್ ಖಾನರು ಮುಗುಳ್ನಕ್ಕರು. “ಹಸಿದ ಹೊಟ್ಟೆಗೆ ಎಲ್ಲವೂ ಹಾವಾಗಿ ಕಾಣುತ್ತದೆ, ಬಂದಗೀಸಾಬ. ನಾನೇ ಮುಂದೆ ನಿಂತು ಮಾಡಿಸಿದ್ದು ಅದು. ಮಗುವಿಗೆ ಗುಲಾಬಿಯ ಶರಬತ್ತೆಂದರೆ ಪ್ರಾಣ.”

ನವಾಬರೂ ನಕ್ಕರು. “ಚಿಕ್ಕಪ್ಪನ ಕೈಯೆಂದರೆ ನನಗೆ ತಾಯಿಯ ಕೈ. ಹೋಗು ಬಾಬಾ, ನಿನ್ನ ಜಾಗಕ್ಕೆ ಹೋಗಿ ಕುಳಿತುಕೋ.” ಹೀಗೆಂದು ಅವರು ಬಟ್ಟಲನ್ನು ಕೈಗೆತ್ತಿಕೊಂಡರು.

ಸೂರ್ಯನ ಅಂಚು ಮಾತ್ರ ದಿಬ್ಬದ ಮೇಲೆ ಉಳಿದಿತ್ತು. ತೋಪು ಹಾರಿಸುವ ಗೋಲಂದಾಜನು ಬತ್ತಿ ಹಿಡಿದು ನಿಂತದ್ದು ಕೆಳಗಿನಿಂದಲೇ ಕಾಣುತ್ತಿತ್ತು. ಬಂದಗೀಸಾಬನ ಮನಸ್ಸು ಬಿಲ್ಲಿನ ಹೆದೆಯಂತೆ ಬಿಗಿದುಕೊಂಡಿತು. ಬಟ್ಟಲನ್ನು ತಟ್ಟಿ ಚೆಲ್ಲಿಬಿಡಲೇ? ಚೆಲ್ಲಿದರೆ ಸಾಕ್ಷಿಯೂ ಚೆಲ್ಲಿಹೋಗುತ್ತದೆ. ಹುಚ್ಚು ಮುದುಕನೆಂದು ನನ್ನನ್ನು ಅಟ್ಟುತ್ತಾರೆ. ನಾಳೆ ಇನ್ನೊಂದು ಬಟ್ಟಲು ಬರುತ್ತದೆ, ತಡೆಯಲು ನಾನಿರುವುದಿಲ್ಲ. ನನ್ನ ಮಾತನ್ನು ನಂಬದವರು ನನ್ನ ದೇಹವನ್ನಾದರೂ ನಂಬಲೇಬೇಕು. ಆದರೆ ತೋಪು ಇನ್ನೂ ಹಾರಿಲ್ಲವಲ್ಲ, ಯಾ ಅಲ್ಲಾ! ಇಷ್ಟು ವರ್ಷ ಮುರಿಯದ ರೋಜಾ, ಇಷ್ಟು ಕಣ್ಣುಗಳ ಎದುರಿಗೆ!

ನವಾಬರ ಕೈಯಿಂದ ಆತ ಬಟ್ಟಲನ್ನು ಕಸಿದುಕೊಂಡು ಒಂದು ದೊಡ್ಡ ಗುಟುಕನ್ನು ಕುಡಿದೇಬಿಟ್ಟನು.

“ತೋಬಾ! ತೋಬಾ!” ಎಂದು ಮೈದಾನವೆಲ್ಲ ಕಿರುಚಿತು. ಹಿಂದಿನ ಸಾಲಿನವನೊಬ್ಬ ಉಗುಳಿದನು. ಬಂದಗೀಸಾಬನೆಂದರೆ ರೋಜಾಕ್ಕೆ ಇನ್ನೊಂದು ಹೆಸರು ಎಂದುಕೊಂಡಿದ್ದ ಮುದುಕರು ಕಿವಿ ಮುಟ್ಟಿಕೊಂಡರು. ಆ ಕೂಗು ಬಂದಗೀಸಾಬನನ್ನು ಚಾಟಿಯ ಏಟಿಗಿಂತ ಹೆಚ್ಚು ನೋಯಿಸಿತು. ನಾಚಿಕೆಯಿಂದ ಅವನ ಕಣ್ಣಲ್ಲಿ ನೀರು ಬಂದಿತು.

ನಾಮದಾರ್ ಖಾನರು ಎದ್ದು ನಿಂತರು. “ನೋಡಿದಿರಾ ಇವನ ಭಕ್ತಿಯನ್ನು! ಇಷ್ಟು ಹೊತ್ತಿನ ಬಾಯಾರಿಕೆ ತಾಳಲಾರದೆ ಕಟ್ಟಿದ ಕತೆ ಇದು. ಎಳೆದೊಯ್ಯಿರಿ ಇವನನ್ನು! ಆ ಎಂಜಲು ಬಟ್ಟಲನ್ನು ಚೆಲ್ಲಿಬಿಡಿ!”

ಬಂದಗೀಸಾಬನ ನಾಲಿಗೆಯ ತುದಿ ಆಗಲೇ ಜುಮುಗುಟ್ಟುತ್ತಿತ್ತು. ಗುಲಾಬಿಯ ಹಿಂದೆ ಅಡಗಿದ್ದ ಆ ಮರಗಟ್ಟುವಿಕೆಯನ್ನು ಆತ ಬಲ್ಲನು, ಅದು ವತ್ಸನಾಭಿ. ಬಟ್ಟಲನ್ನು ಎದೆಗವಚಿಕೊಂಡು, ತೊದಲದಂತೆ ಒಂದೊಂದೇ ಮಾತನ್ನು ಆಡಿದನು. “ಚೆಲ್ಲಬೇಡಿ, ಹುಜೂರ್. ಇದರಲ್ಲಿ ವಿಷವಿದೆ. ಇದನ್ನು ಚಿಕ್ಕ ಸಾಹೇಬರೇ ಮಧ್ಯಾಹ್ನ ಕುಡಿದು ನೋಡಿದರೆಂದು ಯಾಕೂತ ಹೇಳಿದ್ದಾನೆ. ಅವರು ರೋಜಾದಲ್ಲಿಲ್ಲವಾದರೆ ಈಗಲೇ ಕುಡಿಯಲಿ. ರೋಜಾದಲ್ಲಿದ್ದರೆ ತೋಪು ಹಾರಲಿ, ಆಮೇಲೆ ಕುಡಿಯಲಿ. ನನಗೆ ಎರಡೂ ಒಂದೇ.”

ಯಾಕೂತನ ಕೈಯ ತಟ್ಟೆ ಝಣ್ಣೆಂದು ಬಿತ್ತು. “ಅವರೇ ಹಾಗೆ ಹೇಳೆಂದರು ಪ್ರಭೂ” ಎಂದು ಅವನು ಅಳುದನಿಯಲ್ಲಿ ಒದರಿದನು. “ಯಾರಾದರೂ ಕೇಳಿದರೆ ನಾನು ರುಚಿ ನೋಡಿದ್ದೇನೆಂದು ಹೇಳು ಎಂದರು. ನನಗೆ ಬೇರೇನೂ ಗೊತ್ತಿಲ್ಲ!”

ನವಾಬರ ಮುಖದಿಂದ ನಗೆ ಇಳಿದುಹೋಗಿತ್ತು. ಅವರು ಬಟ್ಟಲನ್ನು ಬಂದಗೀಸಾಬನ ಕೈಯಿಂದ ತೆಗೆದುಕೊಂಡು ಚಿಕ್ಕಪ್ಪನ ಕೈಯಲ್ಲಿಟ್ಟರು. “ತಾವು ರೋಜಾದಲ್ಲಿದ್ದೀರಾ, ಚಿಕ್ಕಪ್ಪಾ?”

“ಇದೆಂಥ ಪ್ರಶ್ನೆ! ಇದ್ದೇನೆ.”

“ಹಾಗಿದ್ದರೆ ಕಾಯೋಣ.”

ಎಲ್ಲರೂ ಕಾದರು. ಅಷ್ಟು ಜನರ ನಡುವೆ ಬಂದಗೀಸಾಬನ ಭಾರವಾದ ಉಸಿರೊಂದೇ ಕೇಳಿಸುತ್ತಿತ್ತು. ಅವನ ಬೆರಳುಗಳು ತಣ್ಣಗಾಗುತ್ತಿದ್ದವು. ಕಾಜಿಯವರು ಅವನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹಕೀಮನನ್ನು ಕರೆತರಲು ಆಳನ್ನು ಓಡಿಸಿದರು. ಸೂರ್ಯನ ಕೊನೆಯ ಗೆರೆ ಅಳಿಸಿತು. ತೋಪು ಗುಡುಗಿತು, ಪಾರಿವಾಳಗಳು ಭರ್ರೆಂದು ಹಾರಿದವು.

ಒಬ್ಬನೂ ಖರ್ಜೂರವನ್ನು ಬಾಯಿಗಿಡಲಿಲ್ಲ. ಇಡೀ ಮೈದಾನ ನಾಮದಾರ್ ಖಾನರ ಕೈಯನ್ನೇ ನೋಡುತ್ತಿತ್ತು.

“ಬಿಸ್ಮಿಲ್ಲಾ, ಚಿಕ್ಕಪ್ಪಾ” ಎಂದರು ನವಾಬರು.

“ಆಳೊಬ್ಬನ ಎಂಜಲನ್ನು ನಾನು ಕುಡಿಯಬೇಕೆ?”

“ಹುಟ್ಟಿದಾಗಿನಿಂದ ನಾನು ಉಂಡದ್ದೆಲ್ಲ ಆ ಎಂಜಲೇ. ಅದರಿಂದಲೇ ಬದುಕಿದ್ದೇನೆ. ಕುಡಿಯಿರಿ.”

ಬಟ್ಟಲು ತುಟಿಯವರೆಗೆ ಹೋಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಆದರೆ ತಾನೇ ಬೆರೆಸಿದ ನೀರನ್ನು ಕುಡಿಯುವ ಧೈರ್ಯ ಯಾವ ಪಾಪಿಗಿದೆ? ಬಟ್ಟಲು ವಾಲಿ ಶರಬತ್ತು ಗಡ್ಡದ ಮೇಲೆ ಚೆಲ್ಲಿತು. ಚೆಲ್ಲಿದ ಹನಿಯನ್ನು ನಾಮದಾರ್ ಖಾನರು ಗಾಬರಿಯಿಂದ ತೋಳಿನಲ್ಲಿ ಉಜ್ಜಿ ಉಜ್ಜಿ ಒರೆಸಿಕೊಂಡರು. ಅಷ್ಟು ಸಾಕಾಯಿತು.

ಸೈನಿಕರ ಕತ್ತಿಗಳು ಒರೆಯಿಂದ ಹೊರಬಂದವು. ನವಾಬರು ಕೈಯೆತ್ತಿ ತಡೆದರು. “ಈ ತಿಂಗಳಲ್ಲಿ ರಕ್ತ ಬೇಡ. ಬುರುಜಿನ ಸೆರೆಯಲ್ಲಿಡಿ. ಹೊತ್ತು ಹೊತ್ತಿಗೆ ಊಟ ಕಳಿಸಿ” ಎಂದರು. ಸ್ವಲ್ಪ ತಡೆದು, “ರುಚಿ ನೋಡಿಯೇ ಕಳಿಸಿ” ಎಂದರು. ಆಮೇಲೆ ಮಗುವಿನಂತೆ ಅತ್ತರು.

ಬಂದಗೀಸಾಬನ ತುಟಿ ಅಲುಗುತ್ತಿತ್ತು. ಕಾಜಿಯವರು ಕಿವಿಗೊಟ್ಟರು. ತನ್ನ ಪ್ರಾಣದ ಮಾತನ್ನು ಆತ ಆಡುತ್ತಿರಲಿಲ್ಲ. “ಮುರಿದುಬಿಟ್ಟೆ, ಕಾಜೀ ಸಾಹೇಬರೇ. ನನ್ನ ರೋಜಾ...”

“ಒಂದು ಜೀವ ಉಳಿಸಲು ಬಿಟ್ಟ ರೋಜಾ ಪಾಪವಲ್ಲಪ್ಪಾ” ಎಂದು ವೃದ್ಧರು ಅವನ ಹಣೆ ಸವರಿದರು. “ಹಬ್ಬ ಕಳೆದ ಮೇಲೆ ಒಂದು ದಿನ ಹಿಡಿದು ತೀರಿಸು. ಅದಕ್ಕಾಗಿಯಾದರೂ ನೀನು ಬದುಕಬೇಕು, ತಿಳಿಯಿತೆ?”

ಆತ ಬದುಕಿದನು. ಹಕೀಮನ ಮದ್ದೋ, ದುರುಗನಾಯಕ ಹಾಸಿಗೆಯ ಪಕ್ಕ ಕುಳಿತು, “ಕಲ್ಲಂಗಡಿ ತರಲು ಹೋಗಿ ಕೆಟ್ಟೆನಲ್ಲೋ” ಎಂದು ಹಗಲಿರುಳು ಗೋಳಾಡಿದ್ದೋ, ದೇವರೇ ಬಲ್ಲ. ಆದರೆ ನಾಲಿಗೆ ಮೊದಲಿನಂತಾಗಲಿಲ್ಲ. ಜೇನೂ ಬೇವೂ ಅದಕ್ಕೆ ಒಂದೇ ಆಯಿತು. ರುಚಿಯಿಲ್ಲದ ಚಾಷ್ನಿಗಾರ ಯಾವ ಅರಮನೆಗೆ ಬೇಕು? ಈದ್ ಕಳೆದು, ಮೊಹರು ನವಾಬರ ಕೈಸೇರಿದ ಮೇಲೆ, ಆತ ಯಾರಿಗೂ ಹೇಳದೆ ಗಂಟು ಕಟ್ಟಿದನು. ಊರು ಬಿಡುವ ಮುನ್ನ ಬಾಕಿಯಿದ್ದ ಆ ಒಂದು ರೋಜಾವನ್ನು ತೀರಿಸಿಬಿಡಬೇಕೆಂದು ಹಿಡಿದನು.

ಎಲ್ಲರೂ ಉಂಡು ತಿಂದು ತಿರುಗುವ ದಿನಗಳು ಅವು. ತೋಪಿಲ್ಲ, ಜನರಿಲ್ಲ. ಸಂಜೆ ಆತ ಅಡುಗೆಮನೆಯ ಕಟ್ಟೆಯ ಮೇಲೆ ಒಬ್ಬನೇ ಕುಳಿತು ಪಡುವಣ ದಿಕ್ಕನ್ನು ನೋಡುತ್ತಿದ್ದನು. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ತಿರುಗಿ ನೋಡಿದರೆ ನವಾಬರು! ಕೈಯಲ್ಲಿ ಎರಡು ಖರ್ಜೂರ. ತುಟಿ ಒಣಗಿ ಬಿರಿದಿತ್ತು.

ಬಂದಗೀಸಾಬ ಗಡಬಡಿಸಿ ಎದ್ದನು. “ಹುಜೂರ್ ಇಂದೇಕೆ ರೋಜಾ ಹಿಡಿದಿರಿ?”

“ನೀನು ಗಂಟು ಕಟ್ಟಿದ್ದನ್ನೂ ರೋಜಾ ಹಿಡಿದದ್ದನ್ನೂ ದುರುಗನಾಯಕ ನಸುಕಿನಲ್ಲೇ ಕಂಡು ಬಂದು ಹೇಳಿದ. ನನ್ನ ಬಟ್ಟಲಿಗಾಗಿ ನಿನ್ನದು ಮುರಿಯಿತು. ಒಬ್ಬನೇ ಹೇಗೆ ತೀರಿಸುತ್ತೀ?” ನವಾಬರು ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಕುಳಿತರು. “ಗಂಟು ಬಿಚ್ಚು ಬಾಬಾ. ಎಲ್ಲಿಗೂ ಹೋಗುವ ಹಾಗಿಲ್ಲ.”

ಹೊತ್ತು ಮುಳುಗಿತು. ದೂರದ ಮಸೀದಿಯಿಂದ ಅಜಾನ್ ಕೇಳಿಬಂದಿತು. ರೂಢಿಯಂತೆ ಬಂದಗೀಸಾಬ ಮೊದಲು ತಾನು ತಿನ್ನಲು ಕೈ ನೀಡಿದನು. ನವಾಬರು ಆ ಕೈಯನ್ನು ತಡೆದು, ಒಂದು ಖರ್ಜೂರವನ್ನು ತಾವು ಕಚ್ಚಿ, ನಿಧಾನವಾಗಿ ಅಗಿದು ನುಂಗಿದರು. ಉಳಿದರ್ಧವನ್ನು ಅವನ ಅಂಗೈಯಲ್ಲಿಟ್ಟರು.

“ಸಿಹಿಯಾಗಿದೆ, ಬಾಬಾ” ಎಂದರು. “ತಿನ್ನು.”