ಹಗಲಿನಲ್ಲಿ ಎಳೆದ ಪರದೆ

"ಮಿರ್ತೆ, ನಿಮ್ ತಾತ ಸಮುದ್ರದಲ್ಲಿ ಮುಳುಗಿ ಸತ್ತೋದ್ರಂತಲ್ಲ? ನೀನು ಹೇಳ್ಲೇ ಇಲ್ಲ!"

ಅವಳ ಕ್ಲಾಸಿನ ಯೊರಿಸ್ ಊಟದ ಡಬ್ಬಿ ಮುಚ್ಚುತ್ತಾ ಕೇಳಿದ. ಮಿರ್ತೆಯ ಬಾಯಲ್ಲಿದ್ದ ಬ್ರೆಡ್ ಬಾಯಲ್ಲೇ ಉಳಿಯಿತು. ತಾತ ಅವತ್ತು ಬೆಳಗ್ಗೆ ತಾನೇ ಅವಳ ಸೈಕಲ್ ಚಕ್ರಕ್ಕೆ ಗಾಳಿ ಹೊಡೆದು ಕಳಿಸಿದ್ದರು.

ಯೊರಿಸ್ ತಮಾಷೆ ಮಾಡುತ್ತಿರಲಿಲ್ಲ. ಅವನು ಅಕ್ಕನ ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದ. ಯಾರೋ ಟೂರಿಸ್ಟ್ ಹಾಕಿದ್ದು. ಕಾಲುವೆ ಪಕ್ಕದ ಪುಟ್ಟ ಮನೆ, ಕಿಟಕಿಯಲ್ಲಿ ಕೆಂಪು ಹೂವಿನ ಕುಂಡಗಳು, ಅವುಗಳ ಹಿಂದೆ ಕುರ್ಚಿಯಲ್ಲಿ ಕೂತು ಕೈಬೀಸುವ ಮಿರ್ತೆಯ ಅಜ್ಜಿ. ಕೆಳಗೆ ಹೀಗೆ ಬರೆದಿತ್ತಂತೆ: 'ಆಮ್‌ಸ್ಟರ್‌ಡ್ಯಾಮಿನ ಕಾಯುವ ವಿಧವೆ. ಕಡಲಲ್ಲಿ ಮುಳುಗಿದ ಗಂಡನಿಗಾಗಿ ನಲವತ್ತು ವರ್ಷದಿಂದ ಇದೇ ಕಿಟಕಿಯಲ್ಲಿ ಕೂತಿದ್ದಾಳೆ.'

ಕ್ಲಾಸಿನಲ್ಲಿ ಅರ್ಧ ಜನ ಅದನ್ನು ಆಗಲೇ ನೋಡಿದ್ದರು. ತಾತನ ದೆವ್ವ ಬರುವಾಗ ನೆಲವೆಲ್ಲ ಒದ್ದೆಯಾಗುತ್ತಾ ಎಂದು ಒಬ್ಬಳು ಕೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಿರ್ತೆಗೆ ಮೈಯೆಲ್ಲ ಉರಿದುಹೋಯಿತು.

ಮಿರ್ತೆಯ ಅಜ್ಜಿ ಇರುವ ನಮ್ಮ ಬೀದಿಗೆ ಬರುವ ಟೂರಿಸ್ಟರ ಬಗ್ಗೆ ನಾನು ಹೇಳೋಕೆ ಶುರು ಮಾಡಿದರೆ ಈ ಕತೆ ಇವತ್ತಿಗೆ ಮುಗಿಯೋದಿಲ್ಲ. ನಮ್ಮ ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಾರೆ, ಅದರ ಕಪ್ ಅಲ್ಲೇ ಬಿಟ್ಟು ಹೋಗುತ್ತಾರೆ. ಸೈಕಲ್ ಬೆಲ್ ಹೊಡೆದರೆ ಪಾರಿವಾಳವಾದರೂ ಪಕ್ಕಕ್ಕೆ ಸರಿಯುತ್ತೆ, ಇವರು ನಡುರಸ್ತೆಯಲ್ಲಿ ನಿಂತು ನಗುತ್ತಾರೆ. ಹೋಗಲಿ, ಅದೆಲ್ಲ ನಮಗೆ ಅಭ್ಯಾಸವಾಗಿದೆ. ಆದರೆ ಬದುಕಿರುವ ಮನುಷ್ಯನನ್ನು ಸಾಯಿಸುವುದು ಅಂದರೆ ಏನು?

ಅವತ್ತು ಮಂಗಳವಾರ. ಮಿರ್ತೆಯ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅಮ್ಮನ ಡ್ಯೂಟಿ ಮುಗಿಯುವ ತನಕ ಮಿರ್ತೆ ಅಜ್ಜಿಯ ಮನೆಯಲ್ಲೇ ಇರುತ್ತಿದ್ದಳು. ಸ್ಕೂಲು ಬಿಟ್ಟದ್ದೇ ತಡ, ಸೈಕಲ್ ಹತ್ತಿ ಒಂದೇ ಉಸಿರಿಗೆ ಅಲ್ಲಿಗೆ ಬಂದಳು.

ಮನೆ ಮುಂದೆ ಇಪ್ಪತ್ತು ಜನ ನಿಂತಿದ್ದರು. ಅವರ ನಡುವೆ ಹಳದಿ ಛತ್ರಿ ಎತ್ತಿ ಹಿಡಿದ ಗೈಡ್ ಸಾಂಡರ್. ದಿನಾ ಹನ್ನೊಂದಕ್ಕೆ ಒಂದು ಸಲ, ನಾಲ್ಕಕ್ಕೆ ಒಂದು ಸಲ ಅವನು ಬರುತ್ತಿದ್ದ. ಮೊದಲು ಚರ್ಚಿನ ಗೋಪುರ, ಆಮೇಲೆ ದೋಣಿ ಬಂದಾಗ ಮೇಲೆತ್ತುವ ಸೇತುವೆ, ಆಮೇಲೆ ಬೀದಿ ಕೊನೆಯ ಕಿರಿದಾದ ಮನೆ. ಅದಾದ ಮೇಲೆ ಅಜ್ಜಿ.

ಸಾಂಡರ್ ಇಂಗ್ಲಿಷಿನಲ್ಲಿ, ಮೆಲ್ಲನೆಯ ದನಿಯಲ್ಲಿ ಹೇಳುತ್ತಿದ್ದ. ಬಿರುಗಾಳಿಯಂತೆ, ಹಡಗಂತೆ, ಗಂಡ ಹೋಗುವಾಗ ಕಿಟಕಿಯಲ್ಲೇ ಕಾಯುತ್ತಿರು ಅಂದಿದ್ದನಂತೆ. ಒಬ್ಬಾಕೆ ಕಣ್ಣೊರೆಸಿಕೊಂಡಳು. ಉಳಿದವರು ಫೋನ್ ಎತ್ತಿದರು.

ಗಾಜಿನ ಆಚೆ ಅಜ್ಜಿ ನಗುನಗುತ್ತಾ ಕೈಬೀಸುತ್ತಿದ್ದಳು.

ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸೊಂಟದ ಆಪರೇಷನ್ ಆದ ಮೇಲೆ ಅವಳು ಹೊರಗೆ ಹೋಗುವುದೂ ನಿಂತಿತ್ತು. ಅವಳಿಗೆ ಊರೆಂದರೆ ಆ ಕಿಟಕಿಯೇ. ಇಷ್ಟು ಜನ ಎಲ್ಲೆಲ್ಲಿಂದಲೋ ಬಂದು ತನ್ನ ಹೂವನ್ನು ನೋಡುತ್ತಾರಲ್ಲ ಎಂದು ಅವಳಿಗೆ ಹೆಮ್ಮೆ. ಹನ್ನೊಂದು ಗಂಟೆಗೆ ಸರಿಯಾಗಿ ತಲೆ ಬಾಚಿಕೊಂಡು ಕೂರುತ್ತಿದ್ದಳು.

ಮಿರ್ತೆ ಗುಂಪಿನೊಳಗೆ ನುಗ್ಗಿ ಸಾಂಡರ್‌ನ ತೋಳು ಹಿಡಿದು ಎಳೆದಳು. "ನಮ್ ತಾತ ಮುಳುಗಿಲ್ಲ! ಅವ್ರು ಟ್ರಾಮ್ ಓಡಿಸ್ತಿದ್ರು. ಇನ್ನೂ ಇದ್ದಾರೆ!"

ಸಾಂಡರ್ ನಕ್ಕ. "ಕತೆ ಕಣಮ್ಮ ಅದು. ನಿಮ್ಮಜ್ಜಿನೂ ಖುಷಿಯಾಗಿದ್ದಾರೆ, ಇವರೂ ಖುಷಿಯಾಗಿದ್ದಾರೆ. ಯಾರಿಗೇನು ನಷ್ಟ?" ಅಂದವನೇ ಛತ್ರಿ ಎತ್ತಿಕೊಂಡು ಮುಂದೆ ಹೊರಟ.

ಯಾರಿಗೇನು ನಷ್ಟವಂತೆ! ಕೇಳಿ ಈ ಮಾತನ್ನು.

ಅಜ್ಜಿಗೆ ಹೇಳಿಬಿಡೋಣ ಅಂತ ಮಿರ್ತೆ ಒಳಗೆ ಓಡಿದಳು. ಆದರೆ ಅಜ್ಜಿ, "ನೋಡಿದ್ಯಾ ಪುಟ್ಟಿ, ಇವತ್ತು ಒಬ್ಬಾಕೆಗೆ ನನ್ನ ಹೂವು ನೋಡಿ ಕಣ್ಣಲ್ಲಿ ನೀರೇ ಬಂತು" ಅಂದಳು. ಮಿರ್ತೆ ಹೇಳಲು ಬಂದದ್ದನ್ನು ಬಿಟ್ಟು ಕುಂಡಗಳಿಗೆ ನೀರು ಹಾಕಿದಳು.

ಮಾರನೇ ದಿನ ಬುಧವಾರ, ಅರ್ಧ ದಿನ ಸ್ಕೂಲು. ಮಧ್ಯಾಹ್ನ ತಾತ ಊರಾಚೆಯ ತಮ್ಮ ತರಕಾರಿ ಪಾತಿಗೆ ಸೈಕಲ್ ಹತ್ತಿ ಹೋದರು. ಅಜ್ಜಿ ಹಿಂದಿನ ಕೋಣೆಯಲ್ಲಿ ಮಲಗಿದಳು. ಮಿರ್ತೆ ಒಬ್ಬಳೇ ಕಿಟಕಿಯ ಮುಂದೆ ನಿಂತಳು.

ಎರಡೂ ಪಕ್ಕದಲ್ಲಿ ದಪ್ಪನೆಯ ಕಂದು ಪರದೆಗಳಿದ್ದವು. ಅವು ಸುಮ್ಮನೆ ಚೆಂದಕ್ಕೆ. ಅವನ್ನು ಎಳೆದದ್ದನ್ನು ಮಿರ್ತೆ ಹುಟ್ಟಿದ ಮೇಲೆ ನೋಡಿಯೇ ಇರಲಿಲ್ಲ. ನಮ್ಮಲ್ಲಿ ಯಾರೂ ಎಳೆಯೋದಿಲ್ಲ. ಮನೆಯಲ್ಲಿ ಮುಚ್ಚಿಡೋಕೆ ಏನಿದೆ?

ಮೂರೂವರೆಗೆ ಮಿರ್ತೆ ಕುರ್ಚಿ ಹತ್ತಿ ಪರದೆ ಎಳೆದಳು. ಧೂಳು ಮೂಗಿಗೆ ಹೋಗಿ ಎರಡು ಸಲ ಸೀನು ಬಂತು. ಕೋಣೆ ಕತ್ತಲಾಯಿತು. ಈಗ ಬಾ, ಯಾರನ್ನು ತೋರಿಸ್ತೀಯೋ ತೋರಿಸು ಅಂದುಕೊಂಡು ಪರದೆಯ ಸಂದಿಯಲ್ಲಿ ಕಣ್ಣಿಟ್ಟು ಕೂತಳು.

ಮೊದಲು ಎದುರುಮನೆಯ ಕೋರಿ ಆಂಟಿ ಕಂಡರು. ಎಪ್ಪತ್ತು ದಾಟಿದ ಅವರು ಬ್ರೆಡ್ ತೆಗೆದುಕೊಂಡು ಬರುತ್ತಿದ್ದವರು ನಡುವೆಯೇ ನಿಂತುಬಿಟ್ಟರು. ಅಜ್ಜಿಯ ಕಿಟಕಿಯನ್ನೇ ನೋಡಿದರು. ಎದೆಯ ಮೇಲೆ ಕೈ ಇಟ್ಟುಕೊಂಡು ತಮ್ಮ ಮನೆಯೊಳಗೆ ಹೋದರು. ಒಂದು ನಿಮಿಷದಲ್ಲಿ ಅವರ ಪರದೆಯೂ ಮುಚ್ಚಿತು.

ಆಮೇಲೆ ಅವರ ಪಕ್ಕದ ಮನೆಯದು. ಅದರ ಪಕ್ಕದ್ದು. ಸೇತುವೆಯ ತನಕ ಒಂದೊಂದೇ ಪರದೆ ಮುಚ್ಚುತ್ತಾ ಹೋಯಿತು.

ಮಿರ್ತೆಗೆ ಕುಣಿಯೋಣ ಅನಿಸಿತು. ಇಡೀ ಬೀದಿಗೇ ಸಿಟ್ಟು ಬಂದಿದೆ! ಎಲ್ಲರೂ ತನ್ನ ಕಡೆ! ಇದು ಮುಷ್ಕರ ಅಂದರೆ ಮುಷ್ಕರ.

ನಾಲ್ಕಕ್ಕೆ ಹಳದಿ ಛತ್ರಿ ಬಂತು. ಸಾಂಡರ್ ಬೀದಿ ತಿರುಗಿದವನು ಅಲ್ಲೇ ನಿಂತ. ಮುಚ್ಚಿದ ಕಿಟಕಿಗಳನ್ನು ನೋಡಿದ. ಛತ್ರಿ ಕೆಳಗಿಳಿಸಿದ, ಟೋಪಿ ತೆಗೆದ, ತುಟಿಯ ಮೇಲೆ ಬೆರಳಿಟ್ಟು ಗುಂಪನ್ನು ಸುಮ್ಮನಾಗಿಸಿದ. ತುದಿಗಾಲಲ್ಲಿ ಎಲ್ಲರನ್ನೂ ವಾಪಸ್ ಕರೆದುಕೊಂಡು ಹೋದ. ಒಂದೇ ಒಂದು ಫೋಟೋ ಇಲ್ಲ.

ಗೆದ್ದೆ ಅಂದುಕೊಂಡಳು ಮಿರ್ತೆ.

ಅಷ್ಟರಲ್ಲಿ ಸೇತುವೆ ಇಳಿದು ತಾತನ ಸೈಕಲ್ ಬಂತು. ಹಿಂದಿನ ಬುಟ್ಟಿ ತುಂಬ ಲೆಟಿಸ್ ಸೊಪ್ಪು. ತಾತ ಮೊದಲು ಕೋರಿ ಆಂಟಿಯ ಕಿಟಕಿ ನೋಡಿದರು. ಆಮೇಲೆ ತಮ್ಮದೇ ಕಿಟಕಿ. ಸೈಕಲ್ ಅವರ ಕೈಯಿಂದ ಜಾರಿ ಬಿತ್ತು. ಸೊಪ್ಪೆಲ್ಲ ಕಲ್ಲಿನ ಮೇಲೆ ಉರುಳಿತು. ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮಿರ್ತೆ ಓಡಿ ಬಾಗಿಲು ತೆಗೆದಳು. ತಾತನ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು.

"ಯಾವಾಗ?" ಅಂದರು.

"ಏನು ಯಾವಾಗ, ತಾತ?"

ತಾತನಿಗೆ ಅವಳ ಮಾತು ಕೇಳಿಸಲಿಲ್ಲ. ಮಣ್ಣಿನ ಬೂಟಿನಲ್ಲೇ ಒಳಗೆ ನಡೆದರು. ಮನೆಯೊಳಗೆ ಅವರು ಯಾವತ್ತೂ ಬೂಟು ಹಾಕಿದ್ದಿಲ್ಲ. ಹಿಂದಿನ ಕೋಣೆಗೆ ಹೋಗಿ ಮಂಚದ ಪಕ್ಕ ಮೊಣಕಾಲೂರಿ ಅಜ್ಜಿಯ ಕೆನ್ನೆ ಮುಟ್ಟಿದರು.

ಅಜ್ಜಿ ಕಣ್ಣುಬಿಟ್ಟಳು. "ಕೋಬುಸ್! ಬೂಟು ಬಿಚ್ಚದೆ ಬಂದ್ಯಾ? ನೆಲ ಎಲ್ಲ ಮಣ್ಣು ನೋಡು."

ತಾತ ಮಂಚದ ಅಂಚಿಗೆ ಹಣೆ ಇಟ್ಟರು. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಮಿರ್ತೆಗೆ ಗೊತ್ತಾಗಲಿಲ್ಲ.

ಹಿಂದೆಯೇ ಕೋರಿ ಆಂಟಿ ಒಂದು ಪಾತ್ರೆ ಸೂಪ್ ಹಿಡಿದುಕೊಂಡು, ಕರ್ಚೀಫಿನಿಂದ ಮೂಗು ಒರೆಸಿಕೊಳ್ಳುತ್ತಾ ಬಂದರು. ಎದ್ದು ಕೂತಿದ್ದ ಅಜ್ಜಿಯನ್ನು ನೋಡಿ ಪಾತ್ರೆಯನ್ನು ದಡಕ್ಕನೆ ಮೇಜಿನ ಮೇಲಿಟ್ಟರು. "ಹಗಲು ಹೊತ್ತು ಪರದೆ ಎಳೆದ್ರೆ ಏನರ್ಥ ಅಂತ ಈ ಹುಡುಗೀಗೆ ಯಾರೂ ಹೇಳ್ಕೊಟ್ಟಿಲ್ವಾ? ಮನೇಲಿ ಹೆಣ ಇದ್ರೆ ತಾನೇ ಎಳೆಯೋದು! ನಿನಗೋಸ್ಕರ ಬೀದಿಯೋರೆಲ್ಲ ಎಳ್ಕೊಂಡು ಕೂತಿದ್ದೀವಿ ಕಣೇ!"

ಮಿರ್ತೆ ಅಳುತ್ತಾ ಎಲ್ಲವನ್ನೂ ಹೇಳಿದಳು. ವಿಡಿಯೋ, ಯೊರಿಸ್, ಛತ್ರಿ, ಮುಳುಗಿದ ಹಡಗು, ಒಂದನ್ನೂ ಬಿಡಲಿಲ್ಲ.

"ಹಾಗಾದ್ರೆ ಅವರು ಹೂವು ನೋಡೋಕೆ ಬರ್ತಿರಲಿಲ್ಲ" ಅಂದಳು ಅಜ್ಜಿ. ಎರಡು ಮೂರು ಸಲ ಹೂವಿನ ಕುಂಡಗಳ ಕಡೆ ನೋಡಿದಳು. ಆಮೇಲೆ ಅವಳಿಗೂ ಸಿಟ್ಟು ಏರಿತು.

"ಮುಳುಗಿದ್ನಾ? ಇವನು? ಸ್ನಾನದ ತೊಟ್ಟಿಗೆ ಇಳಿಯೋಕೂ ಹೆದರ್ತಾನೆ! ಮೂವತ್ತೆಂಟು ವರ್ಷ ಹದಿಮೂರನೇ ನಂಬರ್ ಟ್ರಾಮ್ ಓಡಿಸಿ, ಒಂದು ಬೆಕ್ಕಿನ ಮೇಲೂ ಹತ್ತಿಸ್ದೇ ಇರೋ ಮನುಷ್ಯನ್ನ ಇವರು ಸಾಯಿಸಿಬಿಟ್ರಾ?" ಅಂದು ಕೋಲು ಹಿಡಿದು ಎದ್ದಳು. "ತೆಗಿ ಪುಟ್ಟಿ ಪರದೆ. ಸುಳ್ಳು ಹೇಳಿದೋನು ಮುಖ ಮುಚ್ಕೊಳ್ಳಲಿ. ನಾವ್ಯಾಕೆ?"

ಮಿರ್ತೆ ಪರದೆ ಸರಿಸಿದಳು. ಎದುರಿನ ಸಾಲಿನಲ್ಲೂ ಒಂದೊಂದೇ ಕಿಟಕಿ ತೆರೆಯಿತು. ಅಜ್ಜಿ ಒಂದೊಂದಕ್ಕೂ ಕೈಬೀಸಿದಳು.

ಎರಡು ದಿನ ಸಾಂಡರ್ ಬೀದಿಯ ಕಡೆ ಸುಳಿಯಲಿಲ್ಲ. ಶನಿವಾರ ಹನ್ನೊಂದಕ್ಕೆ ಬಂದ. ಛತ್ರಿ ಅರ್ಧ ಮಾತ್ರ ಎತ್ತಿದ್ದ. ಕಿಟಕಿಯಲ್ಲಿ ಅಜ್ಜಿ ಇದ್ದಳು, ತಲೆ ನೀಟಾಗಿ ಬಾಚಿತ್ತು. ಪಕ್ಕದಲ್ಲೇ ಇನ್ನೊಂದು ಕುರ್ಚಿ ಎಳೆದುಕೊಂಡು ತಾತ, ತಲೆ ಮೇಲೆ ಹಳೇ ಟ್ರಾಮ್ ಟೋಪಿ. ಕಿಟಕಿ ತೆರೆದೇ ಇತ್ತು. ತಾತನ ಕುರ್ಚಿಯ ಹಿಂದೆ ಮಿರ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

ಅಜ್ಜಿಯನ್ನು ನೋಡಿ ಸಾಂಡರ್ ಉದ್ದನೆಯ ಉಸಿರು ಬಿಟ್ಟ. ಆಮೇಲೆ ತಾತನನ್ನು ನೋಡಿ ಕಿವಿಯ ತನಕ ಕೆಂಪಾದ.

"ಅವರು ಯಾರು?" ಎಂದು ಗುಂಪಿನಲ್ಲಿ ಒಬ್ಬ ಕೇಳಿದ.

ಸಾಂಡರ್ ಮಿರ್ತೆಯ ಕಡೆ ನೋಡಿದ. ಮಿರ್ತೆ ರೆಪ್ಪೆ ಮಿಟುಕಿಸಲಿಲ್ಲ.

"ಅವರ ಗಂಡ" ಅಂದ ಸಾಂಡರ್. "ಟ್ರಾಮ್ ಓಡಿಸ್ತಿದ್ರು."

"ಅಷ್ಟೇನಾ?"

"ಅಷ್ಟೇ."

ಅದರಲ್ಲಿ ಫೋಟೋ ತೆಗೆಯುವಂಥದ್ದು ಅವರಿಗೇನೂ ಕಾಣಲಿಲ್ಲ. ಇಬ್ಬರು ಮಾತ್ರ ಹತ್ತಿರ ಬಂದು ಹೂವು ನೋಡಿದರು. ಉಳಿದವರು ಮುಂದೆ ಹೋದರು. ತಾತ ಬಲಗೈ ಎತ್ತಿ, ಸ್ಟಾಪಿನಿಂದ ಟ್ರಾಮ್ ಬಿಡುವಾಗ ಮಾಡುತ್ತಿದ್ದ ಹಾಗೆ, ಎಲ್ಲರಿಗೂ ಟಾಟಾ ಮಾಡಿದರು.

ಮಿರ್ತೆಗೆ ಜೋರಾಗಿ ನಗು ಬಂತು. ನಗುತ್ತಾ ಬಗ್ಗಿದವಳಿಗೆ ತಾತನ ಎಡಗೈ ಕಂಡಿತು. ಅದು ಹೂವಿನ ಕುಂಡಗಳ ಕೆಳಗೆ, ಬೀದಿಗೆ ಕಾಣದ ಕಡೆ, ಅಜ್ಜಿಯ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಗುಂಪು ಸೇತುವೆ ದಾಟಿದ ಮೇಲೂ ಬಿಡಲಿಲ್ಲ.

ಮಿರ್ತೆಯ ನಗು ನಿಂತಿತು. ಅವಳು ಮೆಲ್ಲನೆ ಪಕ್ಕಕ್ಕೆ ಸರಿದು, ಕಂದು ಪರದೆಯನ್ನು ಗೋಡೆಯ ಕಡೆಗೆ ಇನ್ನಷ್ಟು ತಳ್ಳಿ, ಅದನ್ನು ಕಟ್ಟಿಡುವ ಹಗ್ಗವನ್ನು ಎರಡು ಗಂಟು ಹಾಕಿ ಬಿಗಿದಳು.